ದಾಳಿಂಬೆಯ ಕೆಂಪು ಮತ್ತು ತಾಯಿಯ ರಕ್ತ

ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕು ಮಳೆ, ಕಾಡು ಮತ್ತು ಭತ್ತದ ನಾಡು. ದಾಳಿಂಬೆಯಾದರೋ ವಿಜಯಪುರ, ಬಾಗಲಕೋಟೆಗಳಂತಹ ಒಣಹವೆಯ ಜಿಲ್ಲೆಗಳ ಬೆಳೆ. ಇಲ್ಲಿಯವರು ಅದನ್ನು ಪೇಟೆಯಿಂದ ಬೆಲೆ ಕೊಟ್ಟು ತರಬೇಕು. ಆದರೂ ಸೊಸೆ ಗರ್ಭಿಣಿಯಾದಳೆಂದರೆ ಅನೇಕ ಮನೆಗಳಲ್ಲಿ ಹಿರಿಯರು ದಾಳಿಂಬೆ ತರಿಸುತ್ತಾರೆ. ಕೆಂಪು ಹಣ್ಣಿನಿಂದ ರಕ್ತ ಹೆಚ್ಚುವುದೆಂಬುದು ಅವರ ನಂಬಿಕೆ. ಈ ಅಕ್ಕರೆ ಮೆಚ್ಚತಕ್ಕದ್ದೇ. ಆದರೆ ಹಣ್ಣನ್ನು ನಂಬಿ ಕಬ್ಬಿಣಾಂಶದ ಗುಳಿಗೆಯನ್ನು ಕೈಬಿಡುವುದು ಅಪಾಯಕರ.

ಹಣ್ಣಿನ ಗುಣಗಳು

ದಾಳಿಂಬೆ ಉತ್ತಮ ಆಹಾರ. 100 ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರು, 10 ಮಿಲಿಗ್ರಾಂ 'ಸಿ' ಜೀವಸತ್ವ ಮತ್ತು ಪೊಟ್ಯಾಸಿಯಂ ಇವೆ. ನಾರು ಮಲಬದ್ಧತೆಯನ್ನು ತಡೆಯಲು ನೆರವಾಗುತ್ತದೆ. ರಸ ಸೋಸಿದರೆ ನಾರು ನಷ್ಟವಾಗುವುದರಿಂದ ಕಾಳನ್ನೇ ಅಗಿದು ತಿನ್ನುವುದು ಲೇಸು.

ರಕ್ತವಾಗುವುದು ಹೇಗೆ?

ಹಣ್ಣಿನ ಕೆಂಪು ಒಂದು ಸಸ್ಯವರ್ಣ ಮಾತ್ರ. ರಕ್ತದ ಕೆಂಪಾದರೋ ಕಬ್ಬಿಣಾಂಶವುಳ್ಳ ಹಿಮೋಗ್ಲೋಬಿನ್‌ನದು. ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ದಾಳಿಂಬೆಯಲ್ಲಿರುವುದು ಸುಮಾರು 0.3 ಮಿಲಿಗ್ರಾಂ. ಈ ಹಣ್ಣೊಂದರಿಂದಲೇ ಕೊರತೆ ತುಂಬಬೇಕಾದರೆ ದಿನವೂ 9 ಕಿಲೋ ಕಾಳು ತಿನ್ನಬೇಕಾದೀತು!

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಇಂತಹ ತಾಯಿ ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳಲಾರಳು. ಆಕೆಯ ಪ್ರಾಣಕ್ಕೇ ಕುತ್ತು ಬರಬಹುದು. ಮಗು ದಿನ ತುಂಬುವ ಮೊದಲೇ ಅಥವಾ ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಮಾಡಬೇಕಾದುದು

1. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಗುಳಿಗೆ ಸೇವಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.

2. ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ, ಅಂಜಬೇಕಿಲ್ಲ. ವಾಕರಿಕೆಯಾದರೆ ರಾತ್ರಿ ಊಟದ ನಂತರ ನುಂಗಬಹುದು. ಚಹಾ ಮತ್ತು ಸುಣ್ಣಾಂಶದ ಗುಳಿಗೆಯನ್ನು ಇದರೊಡನೆ ಸೇವಿಸಬಾರದು.

3. ಊಟದಲ್ಲಿ ಸೊಪ್ಪು, ಹುರುಳಿ, ಮಡಿಕೆ ಕಾಳು, ಸಜ್ಜೆ, ರೂಢಿಯಿದ್ದವರಿಗೆ ಮೀನು, ಮಾಂಸ ಇರಲಿ. 'ಸಿ' ಜೀವಸತ್ವವು ಸೊಪ್ಪು ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ದಾಳಿಂಬೆ ಕೊಳ್ಳಲಾಗದವರು ಕೊರಗಬೇಕಿಲ್ಲ. ನಮ್ಮ ನೆಲ್ಲಿಕಾಯಿ, ಪೇರಲಗಳಲ್ಲಿ ಈ ಜೀವಸತ್ವ ದಾಳಿಂಬೆಗಿಂತ ಹತ್ತಾರು ಪಟ್ಟು ಹೆಚ್ಚಾಗಿದೆ.

4. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗುಳಿಗೆಯ ಪ್ರಮಾಣವನ್ನು ವೈದ್ಯರು ನಿರ್ಧರಿಸುವರು. 7ಕ್ಕಿಂತ ಕಡಿಮೆಯಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪತಿಯ ಹೊಣೆ

ಪೇಟೆಯಿಂದ ಹಣ್ಣು ತಂದ ಮಾತ್ರಕ್ಕೆ ಪತಿಯ ಕರ್ತವ್ಯ ಮುಗಿಯದು. ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ಪತ್ನಿಯನ್ನು ತಾನೇ ಕರೆತರಬೇಕು. ರಾತ್ರಿ ಊಟವಾದ ಮೇಲೆ "ಗುಳಿಗೆ ತೆಗೆದುಕೊಂಡೆಯಾ?" ಎಂದು ಕೇಳಬೇಕು. ದಾಳಿಂಬೆ ತಟ್ಟೆಯಲ್ಲಿರಲಿ, ಗುಳಿಗೆ ತಪ್ಪದಿರಲಿ.