ಹಿಮದ ಬೆಟ್ಟಕ್ಕೆ ಟರ್ಬೊ: ಬೂಸ್ಟ್ ಏರಿಸುವ ಮುನ್ನ ಮಾಡಬೇಕಾದ ಕೆಲಸಗಳು

ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಪಟ್ಟಣಕ್ಕೆ ಅಂಟಿಕೊಂಡೇ ಸ್ನೋ ಕಿಂಗ್ ಎಂಬ ಗುಡ್ಡವಿದೆ. ಸ್ನೋಮೊಬೈಲ್‌ಗಳಲ್ಲಿ ಗುಡ್ಡ ಹತ್ತುವ ವಿಶ್ವ ಚಾಂಪಿಯನ್‌ಷಿಪ್ 1976ರಲ್ಲಿ ಶುರುವಾದದ್ದು ಇಲ್ಲೇ. ಗುಡ್ಡದ ಬುಡವೇ ಸಮುದ್ರಮಟ್ಟದಿಂದ 6,200 ಅಡಿ ಮೇಲಿದೆ, ಅಲ್ಲಿಂದ ತುದಿಗೆ ಇನ್ನೂ ಸುಮಾರು 1,500 ಅಡಿ. ಇಂಥ ಜಾಗದಲ್ಲಿ ಎಂಜಿನ್‌ಗೆ ಮೊದಲು ಕೈಕೊಡುವುದು ಗಾಳಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, 8,000 ಅಡಿಯಲ್ಲಿ 10.9 ಮಾತ್ರ. ಪ್ರತಿ ಸಾವಿರ ಅಡಿಗೆ ಶೇ 3ರಷ್ಟು ಶಕ್ತಿ ಸೋರಿಹೋಗುತ್ತದೆ ಎಂಬುದು ಸ್ಥೂಲ ಲೆಕ್ಕ. ಬಯಲಿನಲ್ಲಿ 165 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಬೆಟ್ಟದ ಮೇಲೆ 125ರ ಆಸುಪಾಸಿಗೆ ಇಳಿಯುತ್ತದೆ. ಮೊಣಕಾಲುದ್ದದ ಹಿಮಪುಡಿಯಲ್ಲಿ ಆ ನಲವತ್ತರ ವ್ಯತ್ಯಾಸವೇ ತುದಿ ಮುಟ್ಟುವುದನ್ನೂ ನಡುದಾರಿಯಲ್ಲಿ ಹೂತುಹೋಗುವುದನ್ನೂ ತೀರ್ಮಾನಿಸುತ್ತದೆ.

ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹುಟ್ಟಿದ್ದೇನೋ ಬೇರೆ ಕಾರಣಕ್ಕೆ, ಆದರೆ ಅದರ ಕಸುವು ಜಗತ್ತಿಗೆ ಗೊತ್ತಾದದ್ದು ಬೆಟ್ಟದ ಮೇಲೆಯೇ. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ‘ಲಿಬರ್ಟಿ’ ಎಂಬ ವಿಮಾನ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಮೇಲೆ, 14,000 ಅಡಿ ಎತ್ತರಕ್ಕೆ ಹೊತ್ತೊಯ್ದರು. ಕೆಳಗೆ 350 ಅಶ್ವಶಕ್ತಿಯಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಸ್ನೋಮೊಬೈಲ್‌ಗೆ ಬೇಕಿದ್ದದ್ದೂ ಇಷ್ಟೇ, ಕಳೆದುಕೊಂಡ ಗಾಳಿಯನ್ನು ವಾಪಸ್ ತರುವುದು. ದಶಕಗಳ ಕಾಲ ಖಾಸಗಿ ಗ್ಯಾರೇಜುಗಳೇ ಕಿಟ್ ತಂದು ಈ ಕೆಲಸ ಮಾಡುತ್ತಿದ್ದವು. ಟು-ಸ್ಟ್ರೋಕ್ ಸ್ನೋಮೊಬೈಲ್ (ಸವಾರರ ಬಾಯಲ್ಲಿ ಸ್ಲೆಡ್) ಒಂದು ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದದ್ದು 2020ರ ಮಾದರಿಯ ಸ್ಕೀ-ಡೂ ಸಮಿಟ್ 850ರಲ್ಲಿ. 8,000 ಅಡಿಯವರೆಗೂ 165 ಅಶ್ವಶಕ್ತಿ ಬಿಟ್ಟುಕೊಡುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. 2022ರ ಮಾದರಿಯಲ್ಲಿ ಪೊಲಾರಿಸ್ ತನ್ನ ‘ಪೇಟ್ರಿಯಟ್ ಬೂಸ್ಟ್’ ತಂದಿತು. ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಸಮತಟ್ಟು ಹಾದಿಯಲ್ಲಿ ವೇಗವೇ ಮುಖ್ಯವೆನ್ನುವವರಿಗೆ ಯಮಹಾ ಸೈಡ್‌ವೈಂಡರ್, ಆರ್ಕ್ಟಿಕ್ ಕ್ಯಾಟ್ ಥಂಡರ್‌ಕ್ಯಾಟ್‌ಗಳ 998 ಸಿಸಿ ಫೋರ್-ಸ್ಟ್ರೋಕ್ ಟರ್ಬೊ ಬರುತ್ತಿತ್ತು. ತೂಕ ಹೆಚ್ಚು, ಬೆಟ್ಟಕ್ಕೆ ಅಷ್ಟು ಒಗ್ಗುವುದಿಲ್ಲ.

ಇಂಥ ಸ್ಲೆಡ್ ಕೊಂಡವರಿಗೆ ಮೊದಲ ದಿನವೇ ಕೈ ತುರಿಸುವುದು ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಮೇಲೆ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಲೆಕ್ಕಾಚಾರ ತಿದ್ದಿದರೆ ಹತ್ತು ನಿಮಿಷದಲ್ಲಿ ಶಕ್ತಿ ಹೆಚ್ಚುತ್ತದೆ, ನಿಜ. ಪಿಸ್ಟನ್ ಕರಗುವುದಕ್ಕೆ ಅಷ್ಟೂ ಹೊತ್ತು ಬೇಡ. ಬೂಸ್ಟ್ ಸರದಿಯಲ್ಲಿ ಕೊನೆಗೆ ನಿಲ್ಲಬೇಕಾದದ್ದು.

ಮೊದಲು ಎಂಜಿನ್ನಿನ ಜಾತಕ

ಕೆಲಸ ಶುರುವಾಗುವುದು ಕಂಪ್ರೆಷನ್ ಪರೀಕ್ಷೆಯಿಂದ. ಎಂಜಿನ್ ಬೆಚ್ಚಗಿರಬೇಕು, ಪ್ಲಗ್‌ಗಳನ್ನು ಬಿಚ್ಚಿ ಅರ್ಥ್ ಮಾಡಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎರಡು ಸಿಲಿಂಡರ್‌ಗಳ ಅಂಕಿಗಳಲ್ಲಿ ಶೇ 10ಕ್ಕಿಂತ ಹೆಚ್ಚು ಅಂತರ ಕಂಡರೆ ಟ್ಯೂನಿಂಗ್ ಮಾತು ಅಲ್ಲಿಗೇ ನಿಲ್ಲಲಿ, ರಿಂಗ್ ಮತ್ತು ಬೋರ್ ನೋಡಬೇಕು. ಒಂದು ಎಚ್ಚರ: ಎತ್ತರದ ಊರಿನಲ್ಲಿ ಆರೋಗ್ಯವಂತ ಎಂಜಿನ್ ಕೂಡ ಕಡಿಮೆ ಅಂಕಿಯನ್ನೇ ತೋರಿಸುತ್ತದೆ. ಜಾಕ್ಸನ್‌ನಲ್ಲಿ ಬಂದ ಅಂಕಿಯನ್ನು ಮಿನೆಸೋಟದ ಬಯಲಿನ ಅಂಕಿಯ ಪಕ್ಕದಲ್ಲಿಟ್ಟು ಗಾಬರಿಯಾಗಬೇಕಿಲ್ಲ.

ಟು-ಸ್ಟ್ರೋಕ್‌ಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಗಾಳಿ ಒಳಬರುವ ದಾರಿಯನ್ನೂ ಹೊಗೆ ಹೊರಹೋಗುವ ದಾರಿಯನ್ನೂ ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ ಕಾಯಬೇಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಕ್ರ್ಯಾಂಕ್ ಸೀಲ್ ಬಳಿ ಸೋಪಿನ ನೀರು ಸವರಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಈ ಸೋರಿಕೆ ಅಪಾಯಕಾರಿ ಯಾಕೆಂದರೆ, ಇಸಿಯುವಿನ ಲೆಕ್ಕಕ್ಕೆ ಸಿಗದ ಗಾಳಿ ಹಿಂಬಾಗಿಲಿನಿಂದ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಅಂಶ ತಗ್ಗುತ್ತದೆ, ಪಿಸ್ಟನ್ ತಲೆ ಕಾಯುತ್ತದೆ. ಯೆಜ್ಡಿ, ಆರ್‌ಎಕ್ಸ್ 100 ಕಾಲದ ಮೆಕ್ಯಾನಿಕ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಟರ್ಬೊ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಳಿಕೊಳವೆ ಕಳಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಸಾದಾ ಬೇರಿಂಗ್ ಇರುವ ಟರ್ಬೊ ಆದರೆ ಅಡ್ಡಡ್ಡಕ್ಕೆ ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಹಿಂದೆ-ಮುಂದೆ ಜಗ್ಗಿದಾಗ ಮಾತ್ರ ಚಲನೆ ಬೆರಳಿಗೆ ತಿಳಿಯಬಾರದು. ರೆಕ್ಕೆಯ ಅಂಚು ಗೋಡೆಗೆ ಉಜ್ಜಿದ ಹೊಳಪಿನ ಗೆರೆ ಕಂಡರೆ, ರೆಕ್ಕೆಯ ತುದಿ ಇಲಿ ಕಚ್ಚಿದಂತೆ ಮುಕ್ಕಾಗಿದ್ದರೆ, ಆ ಟರ್ಬೊವನ್ನು ಓಡಿಸುವಂತಿಲ್ಲ. ಮುರಿದ ಚೂರು ನೇರ ಎಂಜಿನ್ನಿನ ಹೊಟ್ಟೆಗೇ ಹೋಗುತ್ತದೆ. ರೀಡ್ ವಾಲ್ವ್‌ಗಳ ತೆಳು ಪಟ್ಟಿಗಳು ಸೀಳಿಲ್ಲವೇ, ಎಕ್ಸಾಸ್ಟ್ ವಾಲ್ವ್ ಮೇಲೆ ಕಾರ್ಬನ್ ಕಟ್ಟಿ ಬಿಗಿದುಕೊಂಡಿಲ್ಲವೇ ಎಂದು ನೋಡುವುದೂ ಇದೇ ಸರದಿಯಲ್ಲಿ. ಕೆನಡಾದ ಕ್ಯಾಲ್ಗರಿ, ಎಡ್ಮಂಟನ್ ಕಡೆ ನೆಲೆಸಿದ ಕನ್ನಡಿಗರು ಸೆಕೆಂಡ್ ಹ್ಯಾಂಡ್ ಟರ್ಬೊ ಸ್ಲೆಡ್ ಕೊಳ್ಳಲು ಹೊರಟಿದ್ದರೆ ಹಣ ಕೊಡುವ ಮುಂಚೆ ಮಾಡಿಸಬೇಕಾದ ಪರೀಕ್ಷೆಗಳೂ ಇವೇ. ಓಡಿದ ಕಿಲೋಮೀಟರ್ ಎಷ್ಟೆಂಬುದಕ್ಕಿಂತ ಇವು ಹೆಚ್ಚು ಸತ್ಯ ಹೇಳುತ್ತವೆ.

ಪೆಟ್ರೋಲ್

ಕಾರ್ಖಾನೆಯ ಟರ್ಬೊ ಸ್ಲೆಡ್‌ಗಳು ಕೇಳುವುದು 91 ಆಕ್ಟೇನ್. ಇದು ಅಮೆರಿಕದ ಲೆಕ್ಕ. ಭಾರತದ ಬಂಕುಗಳಲ್ಲಿ ನಡೆಯುವ ಮಾಪನದಲ್ಲಿ ಅದು ಸುಮಾರು 95–96 ಆಗುತ್ತದೆ, ನಮ್ಮ 91 ಅಲ್ಲ. ರಾಕಿ ಪರ್ವತದ ಊರುಗಳಲ್ಲಿ ಸಾದಾ ಪೆಟ್ರೋಲ್ ಎಂದರೆ 85 ಆಕ್ಟೇನ್ ಸಿಗುವುದೂ ಉಂಟು. ಪಂಪಿನ ಮೇಲಿನ ಅಂಕಿ ಓದದೆ ಟ್ಯಾಂಕ್ ತುಂಬಿಸಿಕೊಂಡರೆ ದಿನ ಕೆಟ್ಟಂತೆ.

ಆಕ್ಟೇನ್ ಸಾಲದಿದ್ದರೆ, ಒತ್ತಿಹಿಡಿದ ಮಿಶ್ರಣ ಪ್ಲಗ್ಗಿನ ಬೆಂಕಿ ತಲುಪುವ ಮುಂಚೆಯೇ ಮೂಲೆಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಕಾರಿನಲ್ಲಾದರೆ ಟಕಟಕ ಸದ್ದು ಕೇಳೀತು. ಟು-ಸ್ಟ್ರೋಕಿನ ಕಿರುಚಾಟದಲ್ಲಿ, ಹೆಲ್ಮೆಟ್ ಒಳಗಿನ ಕಿವಿಗೆ ಏನೂ ಕೇಳಿಸುವುದಿಲ್ಲ. ಸಾಕ್ಷಿ ಸಿಗುವುದು ಪ್ಲಗ್ಗಿನಲ್ಲಿ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಅದೇ ವೇಗದಲ್ಲಿ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಭೂತಗನ್ನಡಿಯಡಿ ಹಿಡಿಯಬೇಕು. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿಯಂಥ ಚುಕ್ಕೆಗಳು, ಅವುಗಳ ನಡುವೆ ಮಿನುಗುವ ಒಂದೆರಡು ಬೆಳ್ಳಿಯ ಕಣಗಳು ಕಾಣಬಹುದು. ಆ ಬೆಳ್ಳಿ ಪಿಸ್ಟನ್ನಿನ ಅಲ್ಯೂಮಿನಿಯಂ. ಅಷ್ಟು ಕಂಡ ಮೇಲೆ ಸವಾರಿ ನಿಲ್ಲಿಸಿ ಬೂಸ್ಟ್ ಇಳಿಸಬೇಕು, ಇಲ್ಲವೇ ರೇಸಿಂಗ್ ಪೆಟ್ರೋಲ್ ಬೆರೆಸಬೇಕು. ರೇಸಿಂಗ್ ಪೆಟ್ರೋಲಿನಲ್ಲಿ ಸೀಸ ಇದ್ದರೆ ಆಕ್ಸಿಜನ್ ಸೆನ್ಸರ್ ಬೇಗ ಸಾಯುತ್ತದೆ, ಅದನ್ನೂ ಗಮನದಲ್ಲಿಡಬೇಕು.

ಕ್ಲಚ್ ಒಗ್ಗದಿದ್ದರೆ ಬೂಸ್ಟ್ ದಂಡ

ಸ್ನೋಮೊಬೈಲಿಗೆ ಗೇರ್ ಇಲ್ಲ. ಆ್ಯಕ್ಟಿವಾ ಸ್ಕೂಟರಿನಲ್ಲಿರುವಂತೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಸ್ಕೂಟರಿನ ಬೆಲ್ಟ್ ಎಂಟು ಅಶ್ವಶಕ್ತಿ ಹೊತ್ತರೆ ಇಲ್ಲಿಯದು ಅದರ ಇಪ್ಪತ್ತು ಪಟ್ಟು ಹೊರಬೇಕು.

850 ಸಿಸಿ ಟು-ಸ್ಟ್ರೋಕ್‌ಗಳು ಗರಿಷ್ಠ ಶಕ್ತಿ ಕೊಡುವುದು ಸುಮಾರು 8,000 ಆರ್‌ಪಿಎಂನಲ್ಲಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಅಲ್ಲೇ ನಿಂತಿರಬೇಕು, ಮೇಲೂ ಹೋಗಬಾರದು, ಕೆಳಗೂ ಬೀಳಬಾರದು. ಅದನ್ನು ಹಿಡಿದು ನಿಲ್ಲಿಸುವುದು ಮುಂದಿನ ಪುಲ್ಲಿಯೊಳಗಿನ ತೂಕದ ತೋಳುಗಳು. ಬೂಸ್ಟ್ ಹೆಚ್ಚಿಸಿ ತೂಕ ಹಾಗೇ ಬಿಟ್ಟರೆ ಆರ್‌ಪಿಎಂ ಮಿತಿ ಮೀರಿ ಏರುತ್ತದೆ, ಗಳಿಸಿದ ಶಕ್ತಿ ಟ್ರ್ಯಾಕಿಗೆ ಇಳಿಯುವುದೇ ಇಲ್ಲ. ಪ್ರತಿ ತೋಳಿಗೆ ಒಂದು ಗ್ರಾಂ ಸೇರಿಸಿದರೆ ಹತ್ತಿರಹತ್ತಿರ 100 ಆರ್‌ಪಿಎಂ ಇಳಿಯುತ್ತದೆಂಬುದು ಗ್ಯಾರೇಜಿನ ಕೈಲೆಕ್ಕ. ಒಂದು ಸಲಕ್ಕೆ ಒಂದೇ ಬದಲಾವಣೆ. ತೂಕವನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಹೊಸ ಬೆಲ್ಟನ್ನು ಮೊದಲ ಐವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿ ಪಳಗಿಸಬೇಕು. ಪುಲ್ಲಿಯ ಮುಖಗಳನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ಬೆಲ್ಟಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ, ನೂರು ದಾಟುತ್ತಿದ್ದರೆ ಕ್ಲಚ್ಚಿನ ಹೊಂದಾಣಿಕೆಯಲ್ಲೋ ಪುಲ್ಲಿಗಳ ಜೋಡಣೆಯಲ್ಲೋ ದೋಷವಿದೆ. ಬೆಲ್ಟುಗಳು ಸಾಯುವುದು ಬೆಟ್ಟದ ಮೇಲೇ ಆಗಬೇಕೆಂದಿಲ್ಲ, ಬೆಳಗ್ಗೆ ಹೊರಡುವಾಗಲೂ ಸಾಯುತ್ತವೆ. ರಾತ್ರಿಯೆಲ್ಲ ಹೊರಗೆ ನಿಂತ ಸ್ಲೆಡ್ಡಿನ ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿ ಕಚ್ಚಿಕೊಂಡಿರುತ್ತದೆ. ಹಾಗೇ ಥ್ರಾಟಲ್ ಒತ್ತಿದರೆ ಪುಲ್ಲಿ ಒಂದೇ ಜಾಗದಲ್ಲಿ ಉಜ್ಜಿ ಬೆಲ್ಟನ್ನು ಸುಡುತ್ತದೆ. ಮೊದಲು ಹಿಂಬದಿಯ ಬಂಪರ್ ಹಿಡಿದೆತ್ತಿ ಟ್ರ್ಯಾಕ್ ಬಿಡಿಸಬೇಕು. ಸೊಂಟಕ್ಕೆ ತ್ರಾಸ, ಆದರೂ ಬಿಡುವಂತಿಲ್ಲ.

ಈಗ ಬೂಸ್ಟ್

ಇಲ್ಲಿ ಅನೇಕರು ಎಡವುವುದು ಗೇಜ್ ಓದುವುದರಲ್ಲಿ. ಬೂಸ್ಟ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. 8,000 ಅಡಿಯಲ್ಲಿ 5 ಪಿಎಸ್‌ಐ ಬೂಸ್ಟ್ ಎಂದರೆ ಸಿಲಿಂಡರಿನ ಬಾಗಿಲಲ್ಲಿ ಒಟ್ಟು 15.9, ಸಮುದ್ರಮಟ್ಟಕ್ಕಿಂತ ತುಸು ಜಾಸ್ತಿ ಅಷ್ಟೆ. ಅದೇ ಸ್ಲೆಡ್ಡನ್ನು ಟ್ರೇಲರಿಗೇರಿಸಿ ಮಿನೆಸೋಟದ ಕೆರೆಗೆ ತಂದು ಅದೇ 5 ಕೊಟ್ಟರೆ ಒಟ್ಟು ಹತ್ತೊಂಬತ್ತರ ಮೇಲಾಯಿತು. ಕಾರ್ಖಾನೆಯ ಇಸಿಯು ಹೊರಗಿನ ಒತ್ತಡ ಅಳೆದು ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೊಗೆ ತಾಗದಂತೆ ಹೊರಬಿಡುವ ಬಾಗಿಲು) ತೆರೆದು ಇದನ್ನು ಸರಿದೂಗಿಸುತ್ತದೆ. ಸ್ಪ್ರಿಂಗ್ ಬಲದ ಮೇಲೇ ನಡೆಯುವ ಹಳೆಯ ಕಿಟ್‌ಗಳಿಗೆ ಆ ಬುದ್ಧಿ ಇಲ್ಲ. ಆದ್ದರಿಂದ ಒಟ್ಟು ಒತ್ತಡ ತೋರಿಸುವ ಗೇಜ್ ಹಾಕಿಸುವುದೇ ಜಾಣತನ.

ಜೊತೆಗೆ ಗಾಳಿ–ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಬೇಕು. ಪೂರ್ತಿ ಬೂಸ್ಟಿನಲ್ಲಿ ಅದು 11.5ರಿಂದ 12.5ರ ನಡುವೆ ಇರುವುದು ವಾಡಿಕೆ. ಆದರೆ ಟು-ಸ್ಟ್ರೋಕಿನಲ್ಲಿ ಒಳಬಂದ ಹೊಸ ಗಾಳಿಯ ಒಂದು ಪಾಲು ಉರಿಯದೆಯೇ ಸೈಲೆನ್ಸರ್ ಕಡೆ ಜಾರಿಹೋಗುವುದರಿಂದ ಸೆನ್ಸರ್ ಮೋಸ ಹೋಗುತ್ತದೆ. ಗೇಜನ್ನು ಪ್ಲಗ್ಗಿನ ಸಾಕ್ಷಿಯೊಂದಿಗೆ ತಾಳೆ ನೋಡಿಯೇ ನಂಬಬೇಕು. ಬೂಸ್ಟ್ ಏರಿಸುವುದಾದರೆ ಒಮ್ಮೆಗೆ 1 ಪಿಎಸ್‌ಐ, ಪ್ರತಿ ಸಲವೂ ಪ್ಲಗ್ ನೋಡಿ ಮುಂದಿನ ಹೆಜ್ಜೆ. ಒತ್ತಡ ಹೆಚ್ಚಿದಂತೆ ಕಿಡಿ ಆರಿಹೋಗುವ ಸಂಭವ ಇರುವುದರಿಂದ ಪ್ಲಗ್ಗಿನ ಗ್ಯಾಪ್ ತುಸು ಕಿರಿದು ಮಾಡಬೇಕಾಗುತ್ತದೆ.

ಕಾನೂನಿನ ಮಾತೂ ಇದೆ. ಇಸಿಯು ತಿದ್ದಿದ್ದು ಗೊತ್ತಾದರೆ ಕಂಪನಿಯ ವಾರಂಟಿ ಸಿಗುವುದು ಕಷ್ಟ. ಹೊಗೆ ನಿಯಂತ್ರಣ ವ್ಯವಸ್ಥೆಗೆ ಕೈಹಾಕುವುದು ಅಮೆರಿಕದಲ್ಲಿ ಕಾನೂನುಬಾಹಿರ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಂತೂ ಸದ್ದು, ಹೊಗೆ ಕಡಿಮೆ ಇರುವ, ತಾನು ಅನುಮೋದಿಸಿದ ಮಾದರಿಗಳಿಗಷ್ಟೇ ಗೇಟು ತೆರೆಯುತ್ತದೆ.

ಸವಾರಿಯ ದಿನ

ಮೈನಸ್ 20ರ ಚಳಿಯಲ್ಲಿ ಎಂಜಿನ್ ಹೊತ್ತಿಸಿದ ಕೂಡಲೇ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ. ಆಗ ಥ್ರಾಟಲ್ ಜೋರಾಗಿ ಒತ್ತಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಓಡಿದ ಮೇಲೂ ಅಪಾಯ ಮುಗಿಯುವುದಿಲ್ಲ. ಥರ್ಮೋಸ್ಟಾಟ್ ತೆರೆದಾಗ ಹಿಂಬದಿಯಲ್ಲಿ ಕೊರೆಯುತ್ತಿದ್ದ ಕೂಲೆಂಟ್ ಒಮ್ಮೆಲೇ ಎಂಜಿನ್ನಿಗೆ ನುಗ್ಗುತ್ತದೆ. ಹಳೆಯ ಸವಾರರು ಟ್ರ್ಯಾಕಿನ ಮೇಲಿರುವ ಕೂಲರನ್ನು ಕೈಯಿಂದ ಮುಟ್ಟಿ, ಅದು ಬೆಚ್ಚಗಾದ ಮೇಲೆಯೇ ಗುಡ್ಡದ ಕಡೆ ಮುಖ ಮಾಡುತ್ತಾರೆ.

ಈ ಕೂಲರಿಗೆ ಫ್ಯಾನ್ ಇಲ್ಲ. ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಣಿಸಬೇಕು. ಪುಡಿಹಿಮದಲ್ಲಿ ತೊಂದರೆಯಿಲ್ಲ, ಗಟ್ಟಿಕಟ್ಟಿದ ಹಾದಿಯಲ್ಲಿ ಎಂಜಿನ್ ಕುದಿಯುತ್ತದೆ. ಅದಕ್ಕೆಂದೇ ಸ್ಕ್ರ್ಯಾಚರ್ ಎಂಬ ಸ್ಪ್ರಿಂಗ್ ಕಡ್ಡಿಗಳನ್ನು ಕೆಳಗಿಳಿಸಿ ಮಂಜನ್ನು ಕೆರೆದು ಟ್ರ್ಯಾಕಿಗೆ ಉಣಿಸುತ್ತಾರೆ.

ನಿಂತಾಗಲೆಲ್ಲ ಗಾಳಿ ಒಳಹೋಗುವ ಜಾಲರಿಗೆ ಮೆತ್ತಿದ ಹಿಮ ಒರೆಸಬೇಕು. ಜೋರು ಏರಿನ ನಂತರ ಎಂಜಿನ್ ಆರಿಸುವ ಮುಂಚೆ ಒಂದೆರಡು ನಿಮಿಷ ಐಡಲ್ ಬಿಡಬೇಕು. ಇಲ್ಲದಿದ್ದರೆ ಕಾದ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕಿಟ್ಟಗಟ್ಟುತ್ತದೆ. ಥ್ರಾಟಲ್ ಹಿಮಗಟ್ಟಿ ಸಿಕ್ಕಿಹಾಕಿಕೊಂಡೀತು, ಎಂಜಿನ್ ಆರಿಸುವ ಹಗ್ಗ ಜಾಕೆಟ್ಟಿಗೆ ಸಿಕ್ಕಿಸಿಯೇ ಇರಲಿ. ಟರ್ಬೊದಿಂದಾಗಿ ಮೊದಲು ಏರಲಾಗದಿದ್ದ ಕಡಿದಾದ ಇಳಿಜಾರುಗಳೂ ಈಗ ಕೈಗೆಟುಕುತ್ತವೆ, ಹಿಮಕುಸಿತ ಆಗುವುದೂ ಅಂಥ ಕಡೆಯೇ. ರೆವೆಲ್‌ಸ್ಟೋಕ್‌ನಂಥ ಕೆನಡಾದ ಬೆಟ್ಟಗಳ ಕಡೆ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ), ಶೋಧನಾ ಕಡ್ಡಿ, ಸಲಿಕೆ ಇಲ್ಲದೆ ಹೊರಡುವವರನ್ನು ಜೊತೆಗಾರರೇ ಸೇರಿಸಿಕೊಳ್ಳುವುದಿಲ್ಲ.

ಬೇಸಿಗೆಗೆ ಮಲಗಿಸುವಾಗ

ಟ್ಯಾಂಕಿಗೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ ಐದು ನಿಮಿಷ ಓಡಿಸಿದರೆ ಅದು ಇಂಜೆಕ್ಟರ್‌ವರೆಗೂ ತಲುಪುತ್ತದೆ. ಸಿಲಿಂಡರ್ ಒಳಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್, ಬೆಲ್ಟ್ ಬಿಚ್ಚಿ ಬೇರೆ ಕಡೆ, ಗಾಳಿಯ ಬಾಯಿಗೂ ಸೈಲೆನ್ಸರಿಗೂ ಜಾಲರಿ. ಜಾಲರಿ ಯಾಕೆಂದರೆ ಇಲಿಗಳು ಏರ್‌ಬಾಕ್ಸಿನಲ್ಲೇ ಗೂಡು ಕಟ್ಟುತ್ತವೆ, ಮೊದಲ ಹಿಮದ ದಿನ ಆ ಹುಲ್ಲೆಲ್ಲ ಟರ್ಬೊ ಚಕ್ರಕ್ಕೆ ಆಹಾರ. ಅಕ್ಟೋಬರಿನಲ್ಲಿ ಮತ್ತೆ ತೆಗೆಯುವಾಗ ಏರ್‌ಬಾಕ್ಸ್ ಬಿಚ್ಚಿ ನೋಡಿ, ಕೂಲೆಂಟ್ ಅರ್ಧಕ್ಕರ್ಧ ಮಿಶ್ರಣದಲ್ಲಿದ್ದು ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆಯೇ ಎಂದು ಮಾಪಕದಲ್ಲಿ ಅಳೆದು, ಕ್ರ್ಯಾಂಕ್‌ಕೇಸಿನ ಒತ್ತಡ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ನವೆಂಬರ್ ಬಂತೆಂದರೆ ವರ್ಕ್‌ಶಾಪುಗಳಲ್ಲಿ ಸರದಿ ಸಿಗುವುದು ಕಷ್ಟ.