ಮೋಟಾರ್ ಸೈಕಲ್ಲಿನ ಚಾರ್ಜಿಂಗ್ ದೋಷ: ಶೋಧನೆ ಮತ್ತು ದುರಸ್ತಿ

ಮೋಟಾರ್ ಸೈಕಲ್ಲು ಇಂದು ಅನುಕೂಲಸ್ಥರ ಮನೆಯ ಅಲಂಕಾರವಾಗಿ ಉಳಿದಿಲ್ಲ. ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುವ ರೈತನಿಗೂ, ದೂರದ ಹಳ್ಳಿಯಿಂದ ಪ್ರಾರ್ಥನೆಯ ಹೊತ್ತಿಗೆ ಶಾಲೆ ಸೇರಬೇಕಾದ ಶಿಕ್ಷಕನಿಗೂ ಅದು ನಿತ್ಯದ ಆಸರೆ. ಆದರೆ ಅದನ್ನು ಓಡಿಸುವವರಲ್ಲಿ ಅದರೊಳಗೆ ಹರಿಯುವ ವಿದ್ಯುತ್ತಿನ ಹಾದಿಯನ್ನು ಬಲ್ಲವರು ವಿರಳ. ಇಪ್ಪತ್ತು ವರ್ಷ ಓಮ್‌ನ ನಿಯಮವನ್ನು ಬೋಧಿಸಿದ ನಾನೂ ಅಂಥ ಅರಿಯದವರಲ್ಲಿ ಒಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇನೆ.

ನನ್ನ ಕಿರಿಯ ಸಹೋದ್ಯೋಗಿಯೊಬ್ಬರ ವಾಹನ ಒಂದು ಮುಂಜಾನೆ ಸ್ಟಾರ್ಟರ್ ಗುಂಡಿಯನ್ನು ಒತ್ತಿದರೆ ‘ಟಕ್’ ಎಂದು ಸದ್ದುಮಾಡಿ ಸುಮ್ಮನಾಯಿತು. “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ” ಎಂದು ನಾನು ಪರೀಕ್ಷಿಸದೆಯೇ ತೀರ್ಪಿತ್ತೆ. ಹಿರಿಯರ ಮಾತೆಂದು ಅವರು ಹಾಗೆಯೇ ಮಾಡಿದರು. ಮೂರು ವಾರ ಎಲ್ಲವೂ ಸರಿಯಾಗಿತ್ತು. ಒಂದು ರಾತ್ರಿ ವೃದ್ಧ ತಾಯಿಯನ್ನು ತಾಲ್ಲೂಕು ಆಸ್ಪತ್ರೆಗೆ ತೋರಿಸಿಕೊಂಡು ಮರಳುವಾಗ ಹೆಡ್‌ಲೈಟು ಮಂಕಾಯಿತು; ತುಸು ದೂರದಲ್ಲಿ ಎಂಜಿನ್ನೂ ಮುಗ್ಗರಿಸಿ ನಿಂತಿತು. ಮಗ ವಾಹನವನ್ನು ತಳ್ಳುತ್ತ, ತಾಯಿ ಹಿಂದಿನ ಸೀಟನ್ನು ಹಿಡಿದುಕೊಂಡು, ಇಬ್ಬರೂ ಕತ್ತಲಲ್ಲಿ ಮೂರು ಕಿಲೋಮೀಟರು ನಡೆದರು. ಮರುದಿನ ಅವರು ನನ್ನನ್ನು ಆಕ್ಷೇಪಿಸಲಿಲ್ಲ. “ಸರ್, ಹೊಸ ಬ್ಯಾಟರಿಯೂ ಹೋಯಿತು” ಎಂದಷ್ಟೇ ಹೇಳಿದರು. ಆ ಮಾತು ಆಕ್ಷೇಪಣೆಗಿಂತ ಹೆಚ್ಚಾಗಿ ನಾಟಿತು. ಮುಂದಿನ ಭಾನುವಾರ ಪ್ರಯೋಗಶಾಲೆಯ ಮಲ್ಟಿಮೀಟರನ್ನು ಹಿಡಿದು, ಹತ್ತನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳೊಡನೆ ಆ ವಾಹನದ ಮುಂದೆ ಕುಳಿತೆ. ಅಂದು ಕಲಿತುದನ್ನೇ ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

1. ವಿದ್ಯುತ್ತಿನ ಹಾದಿ

ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದನು. ಮೋಟಾರ್ ಸೈಕಲ್ಲಿನ ವಿದ್ಯುತ್ತೆಲ್ಲ ಈ ತತ್ತ್ವದ ಫಲವೇ. 1961ರಿಂದ ಮೈಸೂರಿನಲ್ಲಿ ತಯಾರಾಗತೊಡಗಿದ ಜಾವಾ ವಾಹನಗಳಲ್ಲಿ 6 ವೋಲ್ಟಿನ ಡೈನಮೊ ಇದ್ದು, ಕಾರ್ಬನ್ ಬ್ರಷ್ಷುಗಳ ಮೂಲಕ ಏಕಮುಖ ಪ್ರವಾಹವನ್ನು ನೇರವಾಗಿ ಒದಗಿಸುತ್ತಿತ್ತು. ಇಂದಿನ ವಾಹನಗಳದು 12 ವೋಲ್ಟಿನ ವ್ಯವಸ್ಥೆ. ಇವುಗಳಲ್ಲಿ ಎಂಜಿನ್ನಿನೊಡನೆ ತಿರುಗುವ ಅಯಸ್ಕಾಂತಗಳು ಸ್ಟೇಟರ್ ಎಂಬ ಸ್ಥಿರ ಸುರುಳಿಗಳಲ್ಲಿ ಪರ್ಯಾಯ ಪ್ರವಾಹವನ್ನು ಹುಟ್ಟಿಸುತ್ತವೆ. ಬ್ಯಾಟರಿಗೆ ಬೇಕಾದುದು ಏಕಮುಖ ಪ್ರವಾಹ. ಆದುದರಿಂದ ರೆಕ್ಟಿಫೈಯರು ಪ್ರವಾಹದ ದಿಕ್ಕನ್ನು ಒಂದಾಗಿಸುತ್ತದೆ. ರೆಗ್ಯುಲೇಟರು ವೋಲ್ಟೇಜು ಮಿತಿಮೀರದಂತೆ ತಡೆಯುತ್ತದೆ. ಇವೆರಡೂ ಸಾಮಾನ್ಯವಾಗಿ ಒಂದೇ ಲೋಹದ ಪೆಟ್ಟಿಗೆಯಲ್ಲಿರುತ್ತವೆ.

ಹೀಗೆ ಹಾದಿಯಲ್ಲಿ ಮೂರು ತಾಣಗಳು: ಸ್ಟೇಟರು, ರೆಗ್ಯುಲೇಟರು, ಬ್ಯಾಟರಿ. ಇವುಗಳನ್ನು ಕೂಡಿಸುವ ತಂತಿ ಮತ್ತು ಕಪ್ಲರುಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ದೋಷ ಅಡಗಿ ಕೂರುವುದು ಅನೇಕ ವೇಳೆ ಅಲ್ಲಿಯೇ.

ಬ್ಯಾಟರಿ ವಿದ್ಯುತ್ತನ್ನು ಕೂಡಿಡುವ ಕಣಜವೇ ಹೊರತು ಬೆಳೆಯುವ ಹೊಲವಲ್ಲ. 9 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಿಂದ ದೀಪ ಮತ್ತು ಎಂಜಿನ್ನಿನ ಅಗತ್ಯಗಳಿಗೆ 6 ಆಂಪಿಯರ್ ಹೊರಟರೆ, ಲೆಕ್ಕಕ್ಕೆ ಒಂದೂವರೆ ಗಂಟೆಯಲ್ಲಿ ಕಣಜ ಬರಿದು. 2017ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುತ್ತಿರುವಾಗ ಮುಂಭಾಗದ ದೀಪ ಹಗಲಿನಲ್ಲಿಯೂ ಉರಿಯುವ ನಿಯಮ ಬಂದಿರುವುದರಿಂದ ಈ ವೆಚ್ಚಕ್ಕೆ ಬಿಡುವೇ ಇಲ್ಲ. ಆದಾಯ ನಿಂತರಷ್ಟೇ ಅಲ್ಲ, ವೆಚ್ಚಕ್ಕಿಂತ ತುಸು ಕಡಿಮೆಯಾದರೂ ಹೊಸ ಬ್ಯಾಟರಿ ಕೆಲವು ದಿನಗಳಲ್ಲಿ ಸೋಲುತ್ತದೆ.

2. ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಬೇಕು. ಬರಿದಾದ ಬ್ಯಾಟರಿಯನ್ನಿಟ್ಟುಕೊಂಡು ಮಾಡಿದ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ. ತುಂಬಿದ ಬ್ಯಾಟರಿ ಕೆಲವು ಗಂಟೆಗಳ ವಿಶ್ರಾಂತಿಯ ನಂತರ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಬೇಕು. ಸ್ಟಾರ್ಟರ್ ಒತ್ತಿದಾಗ ಅದು ಸುಮಾರು 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ದೋಷ ಬ್ಯಾಟರಿಯದೇ ಆಗಿರಬಹುದು.

ಎರಡನೆಯದಾಗಿ, ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆಯಬೇಕು. ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬಂದರೆ ವ್ಯವಸ್ಥೆ ಆರೋಗ್ಯದಿಂದಿದೆ. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆಯೆಂದು ಶಂಕಿಸಬೇಕು. ವೇಗ ಹೆಚ್ಚಿಸಿದರೂ ವೋಲ್ಟೇಜು ಏರದಿದ್ದರೆ ವಿದ್ಯುತ್ತು ಬ್ಯಾಟರಿಯನ್ನು ಸರಿಯಾಗಿ ತಲುಪುತ್ತಿಲ್ಲ.

ಮೂರನೆಯದಾಗಿ, ಎಂಜಿನ್ ನಿಲ್ಲಿಸಿ ಸ್ಟೇಟರಿನ ಕಪ್ಲರನ್ನು ಬಿಡಿಸಬೇಕು. ಮೂರು ತಂತಿಗಳ ಸ್ಟೇಟರಿನಲ್ಲಿ ಯಾವ ಎರಡರ ನಡುವೆ ಅಳೆದರೂ ರೋಧ ಅಲ್ಪವಾಗಿ, ಮೂರು ಜೋಡಿಗಳಲ್ಲೂ ಸಮನಾಗಿರಬೇಕು. ಯಾವ ತಂತಿಯಿಂದಲೂ ಎಂಜಿನ್ನಿನ ಲೋಹಕ್ಕೆ ಸಂಪರ್ಕವಿರಬಾರದು. ಬಳಿಕ ಎಂಜಿನ್ ಓಡಿಸಿ ಪರ್ಯಾಯ ವೋಲ್ಟೇಜನ್ನು ಅಳೆದರೆ ಮೂರು ಜೋಡಿಗಳೂ ಸಮನಾಗಿ, ವೇಗದೊಡನೆ ಏರಬೇಕು. ಇದು 50 ವೋಲ್ಟನ್ನೂ ದಾಟಬಹುದಾದುದರಿಂದ ಬರಿಗೈ ತಾಗಕೂಡದು. ಯಾವುದಾದರೂ ಜೋಡಿ ಹಿಂದುಳಿದರೆ ಸ್ಟೇಟರಿನಲ್ಲಿ ದೋಷವಿದೆಯೆಂದು ತಿಳಿಯಬೇಕು.

ನಾಲ್ಕನೆಯದಾಗಿ, ಕಪ್ಲರನ್ನು ಮತ್ತೆ ಕೂಡಿಸಿ, ಎಂಜಿನ್ ಓಡುತ್ತಿರುವಾಗ ರೆಗ್ಯುಲೇಟರಿನ ಹೊರಹೋಗುವ ತಂತಿಗಳಲ್ಲಿ ವೋಲ್ಟೇಜು ನೋಡಬೇಕು. ಇಲ್ಲಿಯೂ ಕಡಿಮೆಯಿದ್ದರೆ, ಸ್ಟೇಟರು ಮತ್ತು ಅದರ ಕಪ್ಲರು ಸರಿಯಿರುವ ಪಕ್ಷದಲ್ಲಿ, ರೆಗ್ಯುಲೇಟರನ್ನು ಬದಲಿಸಬೇಕು. ಇಲ್ಲಿ ಸರಿಯಿದ್ದು ಬ್ಯಾಟರಿಯಲ್ಲಿ ಕಡಿಮೆಯಿದ್ದರೆ ಕಳ್ಳ ನಡುದಾರಿಯಲ್ಲಿದ್ದಾನೆ.

3. ನಮಗೆ ಕಂಡುದು

ಆ ವಾಹನದಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಎಂಜಿನ್ ಓಡಿಸಿದಾಗ ಏರುವ ಬದಲು 12.3ಕ್ಕೆ ಇಳಿಯಿತು. ಸ್ಟೇಟರಿನ ಮೂರು ಜೋಡಿಗಳೂ ಸಮನಾಗಿದ್ದುವು. ರೆಗ್ಯುಲೇಟರಿನ ತಂತಿಗಳಲ್ಲಿ ಅಳೆದಾಗ 14.3! ಎರಡು ವೋಲ್ಟ್ ದಾರಿಯಲ್ಲಿಯೇ ಮಾಯವಾಗಿತ್ತು. ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಧನ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಧನ ತುದಿಗೂ ಇಟ್ಟಾಗ 1.9 ವೋಲ್ಟ್, ಋಣ ಪಕ್ಕದಲ್ಲಿ ಕೇವಲ 0.1. ಸೀಟಿನ ಕೆಳಗೆ ಧನ ತಂತಿಯನ್ನು ಅನುಸರಿಸಿ ಹೋದರೆ ಒಂದು ಪುಟ್ಟ ಕಪ್ಲರು ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಒಳಗಿನ ಹಿತ್ತಾಳೆಯ ಪಿನ್ನು ಹಸಿರುಗಟ್ಟಿತ್ತು.

ಆಗ ಒಬ್ಬ ವಿದ್ಯಾರ್ಥಿ ಒಳ್ಳೆಯ ಪ್ರಶ್ನೆಯನ್ನು ಕೇಳಿದನು: “ಎಂಜಿನ್ ನಿಲ್ಲಿಸಿದಾಗ ಕಪ್ಲರಿನ ಎರಡೂ ಕಡೆ 12.6 ಇತ್ತಲ್ಲ ಸರ್, ಆಗ ಯಾಕೆ ಗೊತ್ತಾಗಲಿಲ್ಲ?” ಉತ್ತರ ಓಮ್‌ನ ನಿಯಮದಲ್ಲಿಯೇ ಇದೆ. ನಷ್ಟವಾಗುವ ವೋಲ್ಟೇಜು ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಪ್ರವಾಹ ಸೊನ್ನೆಯಾದರೆ ನಷ್ಟವೂ ಸೊನ್ನೆ. 5 ಆಂಪಿಯರ್ ಹರಿಯುವಾಗ 1.9 ವೋಲ್ಟ್ ನಷ್ಟವಾದರೆ ರೋಧ 0.38 ಓಮ್ ಮಾತ್ರ. ಸಾಧಾರಣ ಮೀಟರಿನಲ್ಲಿ ಅದು ಅದರ ಕಡ್ಡಿಗಳ ರೋಧದೊಡನೆಯೇ ಬೆರೆತು ಕಣ್ತಪ್ಪಿಸುತ್ತದೆ. ಅಷ್ಟು ಅಲ್ಪ ರೋಧ 9.5 ವಾಟ್ ಶಾಖವನ್ನು ಹುಟ್ಟಿಸಿ ಕಪ್ಲರನ್ನು ಸುಡುತ್ತಿತ್ತು. ಇತ್ತ ರೆಗ್ಯುಲೇಟರು ತನ್ನ ಬಳಿಯ 14.3ನ್ನು ಕಂಡು ಬ್ಯಾಟರಿ ತುಂಬಿದೆಯೆಂದೇ ಭಾವಿಸಿ ಪ್ರವಾಹವನ್ನು ತಡೆಯುತ್ತಿತ್ತು. ವಿಶ್ರಾಂತಿಯಲ್ಲಿರುವ ಕೂಡುಜಾಗ ತನ್ನ ದೋಷವನ್ನು ಹೇಳುವುದಿಲ್ಲ. ಹೊರೆ ಹೊತ್ತಾಗ ಮಾತ್ರ ಹೇಳುತ್ತದೆ.

4. ದುರಸ್ತಿ

ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿದೆವು. ಕಪ್ಲರನ್ನು ಕತ್ತರಿಸಿ ತೆಗೆದು, ಹೊಳೆಯುವ ತಾಮ್ರ ಕಾಣುವವರೆಗೆ ತಂತಿಯನ್ನು ಹಿಂದಕ್ಕೆ ಸುಲಿದು, ಹೊಸ ಪಿನ್ನುಗಳನ್ನು ಇಕ್ಕಳದಿಂದ ಬಿಗಿಯಾಗಿ ಒತ್ತಿ ಹೊಸ ಕಪ್ಲರು ಹಾಕಿದೆವು. ಅರ್ತ್ ತಂತಿ ಚಾಸಿಗೆ ಸೇರುವ ಕಡೆ ತುಕ್ಕನ್ನು ಉಜ್ಜಿ ಬೋಲ್ಟು ಬಿಗಿದು, ಬ್ಯಾಟರಿಯ ತುದಿಗಳಿಗೆ ವ್ಯಾಸಲೀನ್ ಸವರಿ, ಋಣ ತುದಿಯನ್ನು ಕೊನೆಯಲ್ಲಿ ಕೂಡಿಸಿದೆವು. ಎಂಜಿನ್ ಓಡಿಸಿ ಅಳೆದಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಬಂತು. ಆದ ಖರ್ಚು ಬ್ಯಾಟರಿಯ ಬೆಲೆಯಲ್ಲಿ ಇಪ್ಪತ್ತನೆಯ ಒಂದು ಪಾಲೂ ಅಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಬಳಿಯಲ್ಲಿ ಬೆಂಕಿ, ಕಿಡಿ ಸಲ್ಲದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಬಿಚ್ಚಲೂಬಾರದು. ವೋಲ್ಟೇಜು ಒಮ್ಮೆಲೆ ಏರಿ ಇತರ ಭಾಗಗಳು ಕೆಡಬಹುದು.

5. ಉಪಸಂಹಾರ

ಸೋತವನನ್ನೇ ತಪ್ಪಿತಸ್ಥನೆಂದು ಎಣಿಸುವುದು ನಮ್ಮ ಸಹಜ ದೌರ್ಬಲ್ಯ. ಪಾಠ ಒಪ್ಪಿಸದ ಹುಡುಗನನ್ನು ದಡ್ಡನೆನ್ನುವ ಮೊದಲು, ಅವನಿಗೆ ಪಾಠ ತಲುಪಿತೆ ಎಂದು ನಾವು ಎಷ್ಟು ಸಲ ಅಳೆದು ನೋಡುತ್ತೇವೆ? ಆ ಭಾನುವಾರದಿಂದ ನಾನು ವಿದ್ಯುತ್ತಿನ ಪಾಠವನ್ನು ಕಪ್ಪುಹಲಗೆಯ ಮುಂದಲ್ಲ, ಶಾಲೆಯ ಅಂಗಳದಲ್ಲಿ ಆ ಸುಟ್ಟ ಕಪ್ಲರನ್ನು ಮಕ್ಕಳ ಕೈಯಲ್ಲಿಟ್ಟು ಆರಂಭಿಸುತ್ತೇನೆ.

ಸಹೋದ್ಯೋಗಿಯವರ ಎರಡನೆಯ ಬ್ಯಾಟರಿ ಅಂದಿನಿಂದ ಸುಸ್ಥಿತಿಯಲ್ಲಿದೆ. ನನ್ನ ಮಾತಿನಿಂದ ಅವರು ಅಂಗಡಿಗೆ ಹಿಂದಿರುಗಿಸಿದ ಮೊದಲ ಬ್ಯಾಟರಿಯೂ ನಿರ್ದೋಷಿಯಾಗಿತ್ತೋ ಏನೋ. ಅಳೆದು ನೋಡಲು ಅದು ಉಳಿದಿರಲಿಲ್ಲ.