ಅಂಚಿನಿಂದ ಆರಂಭವಾಗುವ ಕೌದಿ: ಮನೆಯಲ್ಲಿಯೇ ಕೈಗೊಳ್ಳಬಹುದಾದ ಒಂದು ಹೊಲಿಗೆ ಪ್ರಯೋಗ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಹಾಸಿಗೆಯ ಸುರುಳಿಯನ್ನು ಬಿಚ್ಚಿದರೆ ಕೌದಿ ಮತ್ತು ಕಂಬಳಿ ಜೊತೆಯಾಗಿ ಕಾಣಿಸುವುದು ಇಂದಿಗೂ ಅಪರೂಪವಲ್ಲ. ಕಂಬಳಿಗೆ ಚಳ್ಳಕೆರೆ ಸೀಮೆಯ ಹೆಸರಿದೆ, ನೇಕಾರರಿದ್ದಾರೆ, ಸಂತೆಯಿದೆ. ಕೌದಿಗೆ ಇವಾವುವೂ ಇಲ್ಲ. ಅದು ಮನೆಮಂದಿ ಉಟ್ಟು ಬಿಟ್ಟ ಸೀರೆ, ಪಂಚೆಗಳಿಂದ, ಹೆಂಗಸರ ಬಿಡುವಿನ ಹೊತ್ತಿನಿಂದ ಹುಟ್ಟುವ ವಸ್ತು. ಆದುದರಿಂದಲೇ ಅದರ ಹೊಲಿಗೆಯನ್ನು ಒಂದು ವಿದ್ಯೆ ಎಂದು ಪರಿಗಣಿಸಿದವರು ಕಡಿಮೆ. ಅದನ್ನು ಸುಧಾರಿಸಬಹುದೆಂದು ಯೋಚಿಸಿದವರು ಇನ್ನೂ ಕಡಿಮೆ.

ಹತ್ತಾರು ವರ್ಷ ಬಳಸಿದ ಕೌದಿಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಎಲ್ಲಿ ಸೋತಿದೆ ಎಂಬುದು ತಿಳಿಯುತ್ತದೆ. ನಡುಭಾಗ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಅಂಚು ಮಾತ್ರ ಹರಿದು, ಒಳಪದರಗಳು ಎಳೆಎಳೆಯಾಗಿ ಹೊರಚಾಚಿರುತ್ತವೆ. ಇದಕ್ಕೆ ಕಾರಣ ರೂಢಿಯ ಹೊಲಿಗೆಯ ಕ್ರಮದಲ್ಲಿಯೇ ಇದೆ. ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲುಸಾಲಾಗಿ ಹೊಲಿದು, ಕೊನೆಯಲ್ಲಿ ಅಂಚಿಗೆ ಪಟ್ಟಿಯೊಂದನ್ನು ಸುತ್ತಿ ಮುಚ್ಚಲಾಗುತ್ತದೆ. ಎಳೆದಾಟ, ಒಗೆತ, ನೆಲದ ಉಜ್ಜಾಟ ಎಲ್ಲವನ್ನೂ ತಾಳಬೇಕಾದ ಜಾಗಕ್ಕೆ ಸಿಗುವುದು ಕಡೆಯಲ್ಲಿ ಬಿದ್ದ ಒಂದೇ ಸಾಲಿನ ಹೊಲಿಗೆ. ಸಾಲದೆಂಬಂತೆ, ಹೊಲಿಯುವಾಗ ಪದರಗಳು ಜಾರಿ ಅಂಚುಗಳು ಏರುಪೇರಾಗುವುದರಿಂದ ಆ ಪಟ್ಟಿಯೂ ಎಲ್ಲ ಪದರಗಳನ್ನು ಹಿಡಿದಿರುವುದಿಲ್ಲ.

ಈ ಕ್ರಮವನ್ನು ತಿರುವುಮುರುವು ಮಾಡಿ, ಅಂಚಿನಿಂದ ಆರಂಭಿಸಿ ನಡುವಿಗೆ ಬಂದು ಮುಗಿಸುವ ಪದ್ಧತಿಯೊಂದು ನಮ್ಮ ರಾಜ್ಯದಲ್ಲಿಯೇ ಉಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಈ ಮೂರೂ ಧರ್ಮಗಳ ಕುಟುಂಬಗಳಿವೆ. ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆಯ ಅಥವಾ ಬಾಲಚಂದ್ರನ ಆಕಾರದ ತೇಪೆಗಳು ಕಾಣುವುದುಂಟು. ಹೊಲಿಗೆಯ ಕ್ರಮ ಮಾತ್ರ ಎಲ್ಲರಿಗೂ ಒಂದೇ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆ ರೂಪುಗೊಂಡಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹರಿದ ಬಟ್ಟೆಯ ಕೆಲಸಕ್ಕೆ ಕಡಲಾಚೆ ದೊರೆತ ಈ ಮನ್ನಣೆ ಸಂತೋಷದ ಸಂಗತಿಯೇ. ಆದರೆ ಬಯಲುಸೀಮೆಯ ಮನೆಗೆ ಬೇಕಾದುದು ಅದರ ಕೀರ್ತಿಗಿಂತ ಹೆಚ್ಚಾಗಿ ಅದರ ಅಂಚು.

ಬಟ್ಟೆಯ ಆಯ್ಕೆ

ದಾವಣಗೆರೆಯು 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು. ಅಲ್ಲಿನ ಹತ್ತಿ ಗಿರಣಿಗಳ ಕಾಲದಲ್ಲಿ ಈ ಸೀಮೆಯ ಮನೆಗಳಲ್ಲಿ ಹತ್ತಿಬಟ್ಟೆಗೆ ಬರವಿರಲಿಲ್ಲ. ಇಂದು ಪೆಟ್ಟಿಗೆ ತೆರೆದರೆ ಹೆಚ್ಚಾಗಿ ಸಿಗುವುದು ಪಾಲಿಯೆಸ್ಟರ್ ಸೀರೆಗಳು. ಇವು ಬೆವರನ್ನು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತವೆ, ಒಲೆಯ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಮಗುವಿಗಾಗಿ ಹೊಲಿಯುವ ಕೌದಿಯಲ್ಲಿ ಇವುಗಳಿಗೆ ಸ್ಥಾನ ಇರಕೂಡದು. ಬಟ್ಟೆ ಯಾವುದೆಂಬ ಅನುಮಾನವಿದ್ದರೆ ಒಂದೆರಡು ಎಳೆ ಕಿತ್ತು, ತಟ್ಟೆಯ ಮೇಲೆ ಹಿಡಿದು ಸುಡಬೇಕು. ಹತ್ತಿಯು ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಷ್ಟೇ ಹಳೆಯದಾಗಿರಲಿ, ಕೌದಿಗೆ ಸಲ್ಲದು. ಹಳೆಯ ರೇಷ್ಮೆ ಮಡಿಕೆಯಲ್ಲಿಯೇ ಸೀಳುತ್ತದೆ.

ಬಟ್ಟೆಗಳನ್ನು ಮೊದಲೇ ಒಗೆದು, ಗಂಜಿ ಬಿಡಿಸಿ ಒಣಗಿಸಿರಬೇಕು. ಬಣ್ಣ ಬಿಡುವ ಬಟ್ಟೆಯನ್ನು ಗುರುತಿಸಲು ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿ ನೋಡಿದರೆ ಸಾಕು.

ಐದೂವರೆ ಮೀಟರ್ ಉದ್ದದ ಸೀರೆಯನ್ನು ಮೂರು ಸಮಭಾಗ ಮಾಡಿದರೆ ಒಂದೊಂದೂ ಸುಮಾರು ಆರಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲದ ತುಂಡಾಗುತ್ತದೆ. ಒಬ್ಬರು ಹೊದೆಯುವ ಕೌದಿಗೆ ಒಂದು ತುಂಡು ತಳಬಟ್ಟೆಯಾಗಿ, ಇನ್ನೊಂದು ನಡುಪದರವಾಗಿ ಸಾಕಾಗುತ್ತದೆ. ಮೂರನೆಯದನ್ನು ತೇಪೆಗಳಿಗೆ ಕತ್ತರಿಸಬಹುದು. ಆದರೆ ಮೊದಲ ಪ್ರಯತ್ನದಲ್ಲಿಯೇ ಆರಡಿಯ ಕೌದಿಗೆ ಕೈಹಾಕುವುದು ವಿವೇಕವಲ್ಲ. ಒಂದೂವರೆ ಅಡಿ ಚೌಕದ, ಮಣೆಯ ಮೇಲೆ ಹಾಸುವಂತಹ ಸಣ್ಣ ತುಂಡಿನಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು. ಕೆಟ್ಟರೂ ಒಂದು ಸಂಜೆಯ ಶ್ರಮ ಮಾತ್ರ ಹೋಗುತ್ತದೆ.

ಹೊಲಿಯುವ ಕ್ರಮ

ಇಪ್ಪತ್ತು ಇಂಚು ಚೌಕದ ತಳಬಟ್ಟೆಯನ್ನು ಒಳಮೈ ಮೇಲಾಗುವಂತೆ ನೆಲದ ಮೇಲೆ ಹರಡಬೇಕು. ಅದರ ನಡುವೆ ಹದಿನೆಂಟು ಇಂಚು ಚೌಕದ ನಡುಪದರವನ್ನು ಇಟ್ಟರೆ ಸುತ್ತಲೂ ಒಂದಿಂಚು ತಳಬಟ್ಟೆ ಉಳಿಯುತ್ತದೆ. ಉಳಿದ ಆ ಇಂಚನ್ನು ನಡುಪದರದ ಮೇಲೆ ಮಡಚುತ್ತಾ ಹೋಗುವುದೇ ಇಡೀ ವಿದ್ಯೆಯ ಮೊದಲ ಹೆಜ್ಜೆ. ನಾಲ್ಕೂ ಬದಿಯನ್ನು ಒಮ್ಮೆಲೇ ಮಡಚುವ ಅಗತ್ಯವಿಲ್ಲ. ಹೊಲಿಗೆ ತಲುಪುವಷ್ಟು ದೂರ ಮಡಚಿದರೆ ಸಾಕು.

ಮೊದಲ ತೇಪೆಯನ್ನು ಒಂದು ಮೂಲೆಯಲ್ಲಿ ಇಡಬೇಕು. ಮೂಲೆಗೆ ತಾಗುವ ಅದರ ಎರಡು ಬದಿಗಳನ್ನು ಅರ್ಧ ಇಂಚು ಒಳಮಡಚಿ, ಆ ಮಡಿಕೆ ತಳಬಟ್ಟೆಯ ಮಡಿಕೆಯೊಡನೆ ಸರಿಸಮವಾಗಿ ಕೂರುವಂತೆ ನೋಡಿಕೊಳ್ಳಬೇಕು. ಉಳಿದೆರಡು ಬದಿಗಳನ್ನು ಮಡಚದೆ ಹಾಗೆಯೇ ಬಿಡಬೇಕು. ಅನಂತರ ಅಂಚಿಗೆ ತೀರ ಸಮೀಪದಲ್ಲಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾದಾ ಓಟದ ಹೊಲಿಗೆ ಹಾಕುತ್ತಾ ಸಾಗಬೇಕು. ಇಂಚಿಗೆ ಮೂರು ನಾಲ್ಕು ಹೊಲಿಗೆ ಬಿದ್ದರೆ ಸಾಕು. ತೇಪೆ ಮುಗಿಯುತ್ತಾ ಬಂದಾಗ ಎರಡನೆಯ ತೇಪೆಯನ್ನು ಅದರ ಪಕ್ಕಕ್ಕೆ ಇಟ್ಟು, ಹೊಸ ತೇಪೆಯ ಮಡಚಿದ ಬದಿಯು ಹಳೆಯ ತೇಪೆಯ ಮಡಚದ ಬದಿಯನ್ನು ಮುಚ್ಚುವಂತೆ ಮಾಡಬೇಕು. ಹೀಗೆ ಪ್ರತಿಯೊಂದು ತೇಪೆಯೂ ತನ್ನ ಹಿಂದಿನದರ ಬಿಚ್ಚು ಅಂಚನ್ನು ಅಡಗಿಸುತ್ತದೆ, ತನ್ನ ಬಿಚ್ಚು ಅಂಚನ್ನು ಮುಂದಿನದಕ್ಕೆ ಒಪ್ಪಿಸುತ್ತದೆ. ಸುತ್ತಿನ ಕೊನೆಯ ತೇಪೆಯ ತುದಿಯನ್ನು ಮಾತ್ರ ಮಡಚಿ ಮೊದಲ ತೇಪೆಯ ಮೇಲೆ ಕೂರಿಸಬೇಕು.

ಒಂದು ಸುತ್ತು ಮುಗಿದೊಡನೆ ನೂಲನ್ನು ಕತ್ತರಿಸದೆ, ಬೆರಳಗಲಕ್ಕಿಂತ ಕಡಿಮೆ ಅಂತರದಲ್ಲಿ ಎರಡನೆಯ ಸಾಲನ್ನು ಮೊದಲನೆಯದಕ್ಕೆ ಸಮಾಂತರವಾಗಿ ಆರಂಭಿಸಬೇಕು. ಸಾಲುಗಳು ತೇಪೆಗಳ ಒಳಬದಿಯನ್ನು ತಲುಪಿದಾಗ ಎರಡನೆಯ ಸುತ್ತಿನ ತೇಪೆಗಳನ್ನು ಹಾಸಬೇಕು. ಹೊಲಿಗೆಯು ಸುತ್ತುತ್ತ ಸುತ್ತುತ್ತ ಒಳಗೆ ಸರಿದು ಕಡೆಗೆ ನಡುವೆ ಒಂದು ಅಂಗೈಯಗಲದ ಬಯಲು ಉಳಿಯುತ್ತದೆ. ಅದನ್ನು ಮುಚ್ಚುವ ಕೊನೆಯ ತೇಪೆಗೆ ನಾಲ್ಕೂ ಬದಿ ಮಡಿಕೆ ಬೇಕು. ಸಿದ್ದಿ ಮಹಿಳೆಯರಲ್ಲಿ ಕೆಲವರು ಈ ತೇಪೆಯ ಕೆಳಗೆ ಒಂದೆರಡು ಅಕ್ಕಿಕಾಳು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿರಲಿ ಎಂಬುದು ಅದರ ಭಾವ. ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ಸಣ್ಣ ಬಟ್ಟೆಯನ್ನು ತುದಿ ಹೊರಗೆ ಕಾಣುವಂತೆ ಸಿಕ್ಕಿಸುವುದೂ ಉಂಟು. ಇದನ್ನು ಫುಲ, ಅಂದರೆ ಹೂವು ಎನ್ನುತ್ತಾರೆ. ಇದು ಬೇಕೆನ್ನುವವರು ಮೊದಲ ಸಾಲು ಹೊಲಿಯುವಾಗಲೇ ಸೇರಿಸಬೇಕು, ಅನಂತರ ಸಾಧ್ಯವಾಗದು.

ಈ ಕ್ರಮದಲ್ಲಿ ಮೊದಲ ಬಾರಿ ಹೊಲಿಯುವವರಿಗೆ ಎದುರಾಗುವ ತೊಡಕು ಬಹುಪಾಲು ಒಂದೇ: ನಡುಭಾಗ ಬುಟ್ಟಿ ಬೋರಲು ಹಾಕಿದಂತೆ ಉಬ್ಬಿಕೊಳ್ಳುವುದು. ನೂಲನ್ನು ಬಿಗಿಯಾಗಿ ಎಳೆದರೆ ಅಂಚು ಕುಗ್ಗುತ್ತದೆ, ಹೆಚ್ಚಾದ ಬಟ್ಟೆ ಒಳಕ್ಕೆ ಸರಿಯುತ್ತದೆ, ನಡುವಿನಿಂದ ಮುಂದೆ ಹೋಗಲು ಅದಕ್ಕೆ ದಾರಿಯಿಲ್ಲ. ರೂಢಿಯ ಕೌದಿಯಲ್ಲಿ ಇದೇ ತಪ್ಪು ಬದಿಯಿಂದ ಜಾರಿಹೋಗುತ್ತಿದ್ದುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಆದುದರಿಂದ ತೊಡೆಯ ಮೇಲಿಟ್ಟು ಹೊಲಿಯದೆ ನೆಲದ ಮೇಲೆ ಹರಡಿ ಹೊಲಿಯಬೇಕು. ನಾಲ್ಕಾರು ಹೊಲಿಗೆಗೊಮ್ಮೆ ನೂಲನ್ನು ಸಡಿಲಿಸಿ, ಪ್ರತಿ ಸಾಲಿನ ಕೊನೆಗೆ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಬೇಕು. ಉಬ್ಬು ಈಗಾಗಲೇ ಮೂಡಿದ್ದರೆ ಎರಡು ಸಾಲು ಬಿಚ್ಚುವುದೇ ಪರಿಹಾರ. ಮೇಲಿನಿಂದ ತೇಪೆ ಹಾಕಿ ಅದುಮಿದರೆ ಮೊದಲ ಒಗೆತಕ್ಕೆ ಮತ್ತೆ ಎದ್ದು ಕೂರುತ್ತದೆ.

ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೂ ಈ ಕೆಲಸಕ್ಕೆ ಕೈಸೂಜಿಯೇ ತಕ್ಕುದು, ಮಡಚುವುದೂ ಹೊಲಿಯುವುದೂ ಒಟ್ಟಿಗೇ ಸಾಗಬೇಕಾಗಿರುವುದರಿಂದ. ದಬ್ಬಳ ಮಾತ್ರ ಬೇಡ, ಅದು ನವೆದ ಬಟ್ಟೆಯಲ್ಲಿ ತೂತು ಉಳಿಸುತ್ತದೆ.

ಶ್ರಮದ ಲೆಕ್ಕ

ಸಣ್ಣ ತುಂಡಿನಲ್ಲಿ ಕೈ ಕುದುರಿದ ಮೇಲೆ ಆರಡಿಯ ಕೌದಿಯನ್ನು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಎಷ್ಟು ಶ್ರಮ ಬೇಕೆಂಬುದನ್ನು ಮೊದಲೇ ತಿಳಿದಿರುವುದು ಒಳಿತು. ಸಾಲುಗಳ ನಡುವೆ ಒಂದೂವರೆ ಸೆಂಟಿಮೀಟರ್ ಅಂತರವಿಟ್ಟರೆ ಸಾಲುಗಳ ಒಟ್ಟು ಉದ್ದ ಸುಮಾರು 125 ಮೀಟರ್ ಆಗುತ್ತದೆ. ಇಂಚಿಗೆ ಮೂರರಂತೆ ಸುಮಾರು 15,000 ಹೊಲಿಗೆಗಳು. ನಿಮಿಷಕ್ಕೆ ಇಪ್ಪತ್ತು ಹೊಲಿಗೆ ಬಿದ್ದರೂ ಹನ್ನೆರಡೂವರೆ ತಾಸು ಬೇಕು. ಬಟ್ಟೆ ಒಗೆಯುವುದು, ಆರಿಸುವುದು, ಕತ್ತರಿಸುವುದು, ಮಡಚುವುದು, ಸೂಜಿಗೆ ನೂಲು ಪೋಣಿಸುವುದು ಸೇರಿದರೆ ಅಷ್ಟೇ ಹೊತ್ತು ಮತ್ತೆ ಹಿಡಿಯುತ್ತದೆ. ಒಟ್ಟಿನಲ್ಲಿ ದಿನಕ್ಕೆ ಎಂಟು ತಾಸಿನಂತೆ ಮೂರು ಪೂರ್ಣ ದಿನಗಳ ದುಡಿಮೆ.

2025-26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅದೇ ದರವನ್ನು ಹಿಡಿದರೆ ಕೌದಿಯೊಂದರ ಕೂಲಿಯೇ 1,110 ರೂಪಾಯಿ ಆಗುತ್ತದೆ. ಬಟ್ಟೆ, ನೂಲುಗಳ ಬೆಲೆ ಬೇರೆ. ಬಟ್ಟೆ ಹಳೆಯದೆಂಬ ಕಾರಣಕ್ಕೆ ಕೌದಿಯನ್ನು ಇನ್ನೂರು ಮುನ್ನೂರು ರೂಪಾಯಿಗೆ ಕೇಳುವವರು ಬಟ್ಟೆಯ ಬೆಲೆಯನ್ನಷ್ಟೇ ಕಟ್ಟುತ್ತಿದ್ದಾರೆ, ಹದಿನೈದು ಸಾವಿರ ಹೊಲಿಗೆಗಳ ಬೆಲೆಯನ್ನಲ್ಲ. ಸಂಜೀವಿನಿ ಒಕ್ಕೂಟಗಳ ಮೂಲಕ ಮಾರಾಟಕ್ಕೆ ಹೊಲಿಯಬಯಸುವ ಸಂಘಗಳು ಪ್ರತಿ ಕೌದಿಗೂ ಹಿಡಿದ ತಾಸುಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ, ಬೆಲೆ ಹೇಳುವಾಗ ಅತ್ತೆಯೋ ಸೊಸೆಯೋ ಇರುಳೆಲ್ಲ ಕುಳಿತದ್ದು ಲೆಕ್ಕದಿಂದ ಜಾರಿಹೋಗುವುದಿಲ್ಲ. ವಿನ್ಯಾಸದ ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕ್ರಮವನ್ನು ಕಲಿಯಬಹುದು; ಆದರೆ ಚಿತ್ರದುರ್ಗದಲ್ಲಿ ಹೊಲಿದುದನ್ನು ಸಿದ್ದಿ ಕವಂದಿ ಎಂದು ಮಾರುವುದು ಆ ಮಹಿಳೆಯರ ಅನ್ನಕ್ಕೆ ಕೈಹಾಕಿದಂತೆ.

ಮೊದಲ ಒಗೆತದ ಅನಂತರ ಕೌದಿಯನ್ನು ಒಮ್ಮೆ ಪರೀಕ್ಷಿಸಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆಯಾಗದೆ ಪದರಗಳ ನಡುವೆ ಉಳಿದು ಬಟ್ಟೆ ಬಿರುಸಾಗುತ್ತದೆ. ಸಂಗ್ರಹಿಸಿದ ಮಳೆನೀರು ಇದ್ದರೆ ಕೊನೆಯ ಜಾಲಾಟಕ್ಕೆ ಅದನ್ನೇ ಬಳಸುವುದು ಲೇಸು. ಹಿಂಡದೆ, ಹಗ್ಗಕ್ಕೆ ಒಂದೇ ಕಡೆ ಭಾರ ಬೀಳದಂತೆ ಎರಡು ಹಗ್ಗಗಳ ಮೇಲೆ ಹರಡಿ ಒಣಗಿಸಬೇಕು. ಒಣಗಿದ ಮೇಲೆ ಅಂಚಿನ ಸುತ್ತ ಬೆರಳಾಡಿಸಿದಾಗ ಎಲ್ಲಿಯಾದರೂ ತಳಬಟ್ಟೆಯ ಮಡಿಕೆ ಕೈಗೆ ಬಿಡಿಬಿಡಿಯಾಗಿ ಸಿಕ್ಕಿದರೆ ಅಲ್ಲಿ ಸೂಜಿ ಪದರವೊಂದನ್ನು ತಪ್ಪಿಸಿದೆ ಎಂದು ಅರ್ಥ. ಆ ಜಾಗಕ್ಕೆ ಅಂದೇ ಎರಡು ಇಂಚು ಹೊಲಿಗೆ ಹಾಕಿಕೊಳ್ಳಬೇಕು.